ಪುಟ್ಟ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಬೀದಿ: ಮಾರ್ಕೆಟ್ಟಿಗೆ ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಕೆಂಪು ಗುಲಾಬಿಯ ರಾಶಿ, ಅದರ ಮೇಲೆ ಕಡುಹಸಿರು ಎಲೆ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಕಣ್ಣಿಗೆ ಮೊದಲು ಬೀಳುವುದೇ ಇದು. ಅದನ್ನೇ ಕ್ಯಾಮೆರಾದ ಕಪ್ಪು-ಬಿಳುಪು ಮೋಡ್‌ನಲ್ಲಿ ತೆಗೆದರೆ ಹೂವು ಯಾವುದು, ಎಲೆ ಯಾವುದು ಗೊತ್ತಾಗದ ಬೂದು ಮುದ್ದೆ ಬರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ, ಲೆಕ್ಕವೇ ಹಾಗಿದೆ. ಬಣ್ಣವನ್ನು ಬೂದುವಿಗೆ ಇಳಿಸುವ ಪ್ರಚಲಿತ ಸೂತ್ರವೊಂದರಲ್ಲಿ ಕೆಂಪಿನ ಶೇ 29.9, ಹಸಿರಿನ ಶೇ 58.7, ನೀಲಿಯ ಶೇ 11.4 ಪಾಲನ್ನು ಕೂಡುತ್ತಾರೆ. 0 ಅಂದರೆ ಕಪ್ಪು, 255 ಅಂದರೆ ಬಿಳಿ ಎಂಬ ಅಳತೆಯಲ್ಲಿ ಗುಲಾಬಿಯ ಬಣ್ಣ ಕೆಂಪು 170, ಹಸಿರು 25, ನೀಲಿ 40 ಎಂದಿಟ್ಟುಕೊಳ್ಳಿ. ಬೂದು 70 ಬರುತ್ತದೆ. ಎಲೆಯದು 50, 90, 40 ಎಂದುಕೊಂಡರೆ 72. ಎರಡರ ನಡುವಿನ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಪಕ್ಕದಲ್ಲೇ ಇರುವ ಹಳದಿ ಸೇವಂತಿಗೆ (250, 220, 60) ಮಾತ್ರ 211ಕ್ಕೆ ಏರಿ ಬೆಳ್ಳಗೆ ಹೊಳೆಯುತ್ತದೆ.

ಜನ ನುಗ್ಗುತ್ತಿರುವ ಬೀದಿಯಲ್ಲಿ ನಿಂತು ಇದನ್ನೆಲ್ಲ ಯೋಚಿಸಲು ಪುರುಸೊತ್ತು ಸಿಗುವುದಿಲ್ಲ. ಫೋಕಸ್ಸಿನ ದೂರ, ಬೆಳಕಿನ ಲೆಕ್ಕ, ಯಾವ ಬಣ್ಣ ಯಾವ ಬೂದು ಆಗಬೇಕು ಎಂಬ ತೀರ್ಮಾನ ಮೂರೂ ಮನೆಯಲ್ಲೇ ಮುಗಿದಿದ್ದರೆ, ಅಲ್ಲಿ ಉಳಿಯುವುದು ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಎಂಬುದಷ್ಟೆ.

ಯಾವ ಕ್ಯಾಮೆರಾ

ಇಲ್ಲಿನ ಉದಾಹರಣೆಗಳು ಹೆಚ್ಚಿನವು ರಿಕೋ ಜಿಆರ್ 3 ಕ್ಯಾಮೆರಾದವು. 2019ರಲ್ಲಿ ಬಂದದ್ದು. ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ ತೂಕ, 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಫಲಕ), 18.3 ಮಿ.ಮೀ. ಎಫ್/2.8 ಲೆನ್ಸ್ (ಎಫ್ ಎಂಬುದು ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಹಳೆಯ ಫಿಲ್ಮ್ ಲೆಕ್ಕದಲ್ಲಿ ಇದು 28 ಮಿ.ಮೀ. ಲೆನ್ಸಿನ ಅಗಲ ನೋಟ; ಈ ಸಂಖ್ಯೆ ಹೆಚ್ಚಿದಂತೆ ನೋಟ ಕಿರಿದಾಗುತ್ತದೆ. 2021ರಲ್ಲಿ ಬಂದ ಜಿಆರ್ 3ಎಕ್ಸ್‌ನದು 26.1 ಮಿ.ಮೀ. ಲೆನ್ಸ್, ಅಂದರೆ 40ರ ನೋಟ. ಫ್ಯೂಜಿಯ ಎಕ್ಸ್100 ಸರಣಿಯದು 23 ಮಿ.ಮೀ. ಲೆನ್ಸ್, 35ರ ನೋಟ. ಅದರಲ್ಲಿ ವ್ಯೂಫೈಂಡರ್ ಇದೆ, ಆದರೆ ಪ್ಯಾಂಟಿನ ಜೇಬಿಗೆ ಹೋಗುವುದಿಲ್ಲ. ಸೋನಿ ಆರ್‌ಎಕ್ಸ್100 ಥರದ ಒಂದು ಇಂಚಿನ ಸೆನ್ಸರಿನ ಕ್ಯಾಮೆರಾ ಮನೆಯಲ್ಲಿದ್ದರೆ ಅದೇ ಸಾಕು, ಹೊಸದು ಕೊಳ್ಳಬೇಕಿಲ್ಲ. ಮಬ್ಬು ಬೆಳಕಿನಲ್ಲಿ ಅದು ಒಂದೆರಡು ಮೆಟ್ಟಿಲು ಹಿಂದೆ ಬೀಳುತ್ತದೆ. ಅದಕ್ಕೆ ಬದಲಾಗಿ ಫೋಕಸ್ಸಿನಲ್ಲಿ ಲಾಭವಿದೆ. ಅದು ಮುಂದೆ ಬರುತ್ತದೆ.

ಜೂಮ್ ಇದ್ದರೆ ಅತಿ ಅಗಲದ ತುದಿಗೆ ಇಟ್ಟು ಮರೆತುಬಿಡಿ. ಜೂಮ್ ಬದಲಾದಂತೆಲ್ಲ ಮುಂದಿನ ದೂರದ ಲೆಕ್ಕ ಪೂರ್ತಿ ಬದಲಾಗುತ್ತದೆ.

ದೂರ ಮೊದಲೇ ಕಟ್ಟಿಡುವುದು

ಆಟೋಫೋಕಸ್ ಬೀದಿಯಲ್ಲಿ ಎರಡು ರೀತಿ ಕೈಕೊಡುತ್ತದೆ. ಕತ್ತಲೆಯಲ್ಲಿ ಹಿಂದೆ ಮುಂದೆ ಹುಡುಕಾಡುತ್ತದೆ. ಜಿಆರ್ 3ರಲ್ಲಿ ಇದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಬೆಳಕಿದ್ದಾಗ ಮುಂದೆ ಹಾದುಹೋದ ಬುಟ್ಟಿಯನ್ನೋ ಹಿಂದಿನ ಅಂಗಡಿಯ ಬೋರ್ಡನ್ನೋ ಹಿಡಿದುಕೊಳ್ಳುತ್ತದೆ. ಎರಡಕ್ಕೂ ಪರಿಹಾರ ಸ್ನ್ಯಾಪ್ ಫೋಕಸ್. ಮೆನುವಿನಲ್ಲಿ ದೂರವನ್ನು 1, 1.5, 2, 2.5, 3.5, 5 ಮೀಟರ್ ಅಥವಾ ಅನಂತ ಎಂದು ನಿಗದಿ ಮಾಡಬಹುದು. ಜೊತೆಗೆ ಫುಲ್ ಪ್ರೆಸ್ ಸ್ನ್ಯಾಪ್ ಆನ್ ಮಾಡಿ. ಆಗ ಶಟರ್ ಗುಂಡಿಯನ್ನು ಅರ್ಧ ಒತ್ತಿದರೆ ಆಟೋಫೋಕಸ್, ಒಂದೇ ಏಟಿಗೆ ಪೂರ್ತಿ ಒತ್ತಿದರೆ ನಿಗದಿ ಮಾಡಿದ ದೂರ.

2 ಮೀಟರಿಗೆ ಇಟ್ಟಾಗ 28ರ ಲೆನ್ಸಿನಲ್ಲಿ ಸ್ಪಷ್ಟವಾಗಿ ಬರುವ ವ್ಯಾಪ್ತಿ ಸುಮಾರು ಹೀಗೆ:

ಎಫ್/8: 1 ಮೀಟರಿನಿಂದ 40 ಮೀಟರಿನ ತನಕ
ಎಫ್/5.6: 1.2ರಿಂದ 6 ಮೀಟರ್
ಎಫ್/4: 1.35ರಿಂದ 3.8 ಮೀಟರ್
ಎಫ್/2.8: 1.5ರಿಂದ 3 ಮೀಟರ್

ಉದ್ದ ಲೆನ್ಸಿನಲ್ಲಿ ಈ ಔದಾರ್ಯ ಇಲ್ಲ. ಜಿಆರ್ 3ಎಕ್ಸ್ ಅನ್ನು ಎಫ್/8, 2.5 ಮೀಟರಿಗೆ ಇಟ್ಟರೆ 1.6ರಿಂದ 6 ಮೀಟರ್. ಎಕ್ಸ್100ರಲ್ಲಿ ಅದೇ ಸೆಟ್ಟಿಂಗಿಗೆ 1.4ರಿಂದ 10 ಮೀಟರ್. ಒಂದು ಇಂಚಿನ ಸೆನ್ಸರಿನಲ್ಲಿ ಅಗಲದ ತುದಿಯ ನಿಜ ಫೋಕಲ್ ಲೆಂಗ್ತ್ (ಲೆನ್ಸಿನ ಮಿ.ಮೀ. ಅಳತೆ) ಹಲವು ಮಾದರಿಗಳಲ್ಲಿ 8.8 ಮಿ.ಮೀ. ಮಾತ್ರ, ಹಾಗಾಗಿ ಎಫ್/4 ಇಟ್ಟು 1.8 ಮೀಟರಿಗೆ ಫೋಕಸ್ ಮಾಡಿದರೆ 0.9 ಮೀಟರಿನಿಂದ ಕಣ್ಣು ಹಾಯುವ ತನಕ ಎಲ್ಲ ಸಿಗುತ್ತದೆ. ಅದರಲ್ಲಿ ಎಫ್/8ಕ್ಕೆ ಹೋಗಬೇಡಿ. ಅಷ್ಟು ಚಿಕ್ಕ ಸೆನ್ಸರಿನಲ್ಲಿ ಡಿಫ್ರ್ಯಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ, ಬೆಳಕೂ ದಂಡ. ಸ್ನ್ಯಾಪ್ ಫೋಕಸ್ ಇಲ್ಲದ ಕ್ಯಾಮೆರಾದಲ್ಲಿ ಮ್ಯಾನುವಲ್ ಫೋಕಸ್ಸಿಗೆ ಹಾಕಿ, ಬೇಕಾದ ದೂರದ ವಸ್ತುವಿಗೆ ಒಮ್ಮೆ ಹೊಂದಿಸಿ ಬಿಡಿ. ಲೆನ್ಸ್ ಒಳಗೆ ಹೋಗಿ ಬರುವ ಕೆಲವು ಕ್ಯಾಮೆರಾಗಳು ಆಫ್ ಮಾಡಿ ಆನ್ ಮಾಡಿದಾಗ ಈ ದೂರವನ್ನು ಮರೆತುಬಿಡುತ್ತವೆ, ಮನೆಯಲ್ಲೇ ಪರೀಕ್ಷಿಸಿಕೊಳ್ಳಿ.

2 ಮೀಟರ್ ಎಂದರೆ ಎಷ್ಟು ಎಂಬುದು ಕಣ್ಣಿಗೆ ಕೂರಬೇಕು. ಮನೆಯಲ್ಲಿ ಎರಡಡಿ ಟೈಲ್ಸ್ ಇದ್ದರೆ ಮೂರು ಟೈಲ್ ದಾಟಿ ಇನ್ನೊಂದು ಗೇಣಿಗೆ ಸ್ವಲ್ಪ ಕಡಿಮೆ. ಬೀದಿಯಲ್ಲಿ ಇದಕ್ಕಿಂತ ಸುಲಭದ ಅಳತೆ ಫ್ರೇಮೇ ಕೊಡುತ್ತದೆ. 28ರ ಕ್ಯಾಮೆರಾವನ್ನು ಎದೆಮಟ್ಟದಲ್ಲಿ ಅಡ್ಡ ಹಿಡಿದಾಗ 2 ಮೀಟರ್ ದೂರದಲ್ಲಿ 1.7 ಮೀಟರ್ ಎತ್ತರ ಹಿಡಿಸುತ್ತದೆ, ಅಂದರೆ ನಿಂತ ಮನುಷ್ಯ ಅಡಿಯಿಂದ ಮುಡಿಯ ತನಕ ಸರಿಯಾಗಿ ತುಂಬಿಕೊಳ್ಳುತ್ತಾನೆ. ಮೊಣಕಾಲಿನಿಂದ ಮೇಲೆ ತುಂಬಿದರೆ ಒಂದೂವರೆ ಮೀಟರ್. ಸೊಂಟದಿಂದ ಮೇಲೆ ತುಂಬಿದರೆ ಒಂದು ಮೀಟರ್, ಅಲ್ಲಿಗೆ ಎಫ್/8ರ ವ್ಯಾಪ್ತಿಯೂ ಮುಗಿಯುತ್ತದೆ. ಹೊಸಬರ ಚಿತ್ರಗಳಲ್ಲಿ ಕಾಣುವ ಮಸುಕಿಗೆ ಮುಖ್ಯ ಕಾರಣ ಇದೇ: 2 ಮೀಟರಿಗೆ ಕಟ್ಟಿಟ್ಟು 80 ಸೆಂ.ಮೀ. ಹತ್ತಿರ ಹೋಗಿ ಒತ್ತಿರುತ್ತಾರೆ.

ಬೆಳಕಿನ ಲೆಕ್ಕ

ಐದು ಕಿ.ಮೀ. ವೇಗದಲ್ಲಿ ನಡೆಯುವವರು, ಶಟರ್ ತೆರೆದಿರುವ ಸೆಕೆಂಡಿನ 1/500ರಲ್ಲಿ ಸುಮಾರು 2.8 ಮಿ.ಮೀ. ಸರಿಯುತ್ತಾರೆ. ಅವರು 2 ಮೀಟರ್ ದೂರದಲ್ಲಿ ಅಡ್ಡ ಹಾಯುತ್ತಿದ್ದರೆ ಜಿಆರ್ 3ರ ಸೆನ್ಸರಿನ ಮೇಲೆ ಅದು ಆರೇಳು ಪಿಕ್ಸೆಲ್ ಕದಲಿಕೆ, ಪ್ರಿಂಟಿನಲ್ಲಿ ಗೊತ್ತಾಗುವುದಿಲ್ಲ. 1/125ರಲ್ಲಿ ಇದರ ನಾಲ್ಕು ಪಟ್ಟು, ಮುಖ ಹರಡಿಹೋಗುತ್ತದೆ. ಕ್ಯಾಮೆರಾದ ಒಳಗಿನ ಸ್ಟೆಬಿಲೈಸೇಷನ್ ಇಲ್ಲಿ ನೆರವಿಗೆ ಬರುವುದಿಲ್ಲ, ಅದು ತಡೆಯುವುದು ನಿಮ್ಮ ಕೈನಡುಕವನ್ನು, ಎದುರಿನವರ ನಡಿಗೆಯನ್ನಲ್ಲ. ಹೂವಿನ ಮೂಟೆ ಹೊತ್ತು ಓಡುವ ಹಮಾಲಿಗೆ 1/1000 ಬೇಕು.

ಜಿಆರ್ 3ರ ಡಯಲ್ಲಿನಲ್ಲಿ ಯು1, ಯು2, ಯು3 ಎಂಬ ಮೂರು ಜಾಗಗಳಿವೆ. ಮೂರು ಬೆಳಕಿಗೆ ಮೂರನ್ನು ತುಂಬಿಡಿ. ಎಲ್ಲದರಲ್ಲೂ ಮೋಡ್ ಎವಿ (ಕಿಂಡಿ ನಾವು ಇಡುವುದು, ಶಟರ್ ಕ್ಯಾಮೆರಾ ಇಡುವುದು), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಆಟೋ.

ಯು1, ಬಿಸಿಲು ಮತ್ತು ತೆರೆದ ನೆರಳು: ಎಫ್/8, ಕನಿಷ್ಠ ಶಟರ್ 1/500, ಐಎಸ್‌ಒ 200ರಿಂದ 6400, ಸ್ನ್ಯಾಪ್ 2 ಮೀಟರ್. ನಡುಹಗಲ ಬಿಸಿಲಿನಲ್ಲಿ ಐಎಸ್‌ಒ 200ಕ್ಕೆ 1/800ರ ಆಸುಪಾಸು ಬರುತ್ತದೆ. ಕಟ್ಟಡದ ನೆರಳಿಗೆ ಹೊಕ್ಕ ಕೂಡಲೇ ಐಎಸ್‌ಒ 2000ಕ್ಕೆ ಜಿಗಿಯುತ್ತದೆ. ಗಾಬರಿ ಬೇಡ.

ಯು2, ಟಾರ್ಪಾಲಿನ ಕೆಳಗೆ, ಅಂಗಡಿಯ ಒಳಗೆ: ಎಫ್/4, 1/250, ಮೇಲ್ಮಿತಿ 6400, ಸ್ನ್ಯಾಪ್ 2 ಮೀಟರ್. ಇಲ್ಲಿ ಐಎಸ್‌ಒ ಸಾಮಾನ್ಯವಾಗಿ 800ರಿಂದ 3200ರ ನಡುವೆ ಓಡಾಡುತ್ತದೆ.

ಯು3, ಬೆಳಕು ಹರಿಯುವ ಮೊದಲು ಬಲ್ಬಿನ ಕೆಳಗೆ: ಎಫ್/2.8, 1/125, ಸ್ನ್ಯಾಪ್ ಒಂದೂವರೆ ಮೀಟರ್. ವ್ಯಾಪ್ತಿ 1.2ರಿಂದ 2 ಮೀಟರ್ ಮಾತ್ರ. ಕೂತು ಹೂ ಕಟ್ಟುವವರು, ತಕ್ಕಡಿ ಹಿಡಿದವರು, ಹೀಗೆ ಹೆಚ್ಚು ಕದಲದವರಿಗೆ.

ಮೀಟರಿಂಗ್‌ನಲ್ಲಿ ಹೈಲೈಟ್-ವೇಟೆಡ್ ಎಂಬುದನ್ನು ಬಿಸಿಲಿಗೆ ಆರಿಸಿ. ಚಿತ್ರದ ಅತಿ ಬೆಳ್ಳಗಿನ ಭಾಗ ಉರಿದುಹೋಗದಂತೆ ಅದು ಲೆಕ್ಕ ಹಾಕುತ್ತದೆ. ಬಿಸಿಲಿನಲ್ಲಿ ನಿಂತ ಬಿಳಿ ಪಂಚೆ ಒಮ್ಮೆ ಉರಿದರೆ ಅದರ ನಿರಿಗೆ ರಾ ಫೈಲಿನಲ್ಲೂ (ಸೆನ್ಸರ್ ಹಿಡಿದ ಕಚ್ಚಾ ಮಾಹಿತಿಯ ಫೈಲು) ಸಿಗುವುದಿಲ್ಲ; ನೆರಳಿನಲ್ಲಿ ಮುಳುಗಿದ್ದನ್ನು ಎರಡು ಸ್ಟಾಪ್ ತನಕ ಎತ್ತಬಹುದು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಇಡೀ ಫ್ರೇಮಿನ ಬೆಳಕು ನೋಡಿ ಅಳೆಯುವ ಮಲ್ಟಿ ಮೀಟರಿಂಗ್ ಬಳಸುವುದಾದರೆ ನಡುಹಗಲಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಷನ್ (ಕ್ಯಾಮೆರಾದ ಬೆಳಕಿನ ಲೆಕ್ಕಕ್ಕೆ ನಾವು ಕೊಡುವ ತಿದ್ದುಪಡಿ) ಮೈನಸ್ 0.7ರಿಂದ ಮೈನಸ್ 1. ಎದುರು ಬೆಳಕಿನಲ್ಲಿ ಹೈಲೈಟ್-ವೇಟೆಡ್ ಅತಿಯಾಗಿ ಕಪ್ಪು ಮಾಡುತ್ತದೆ, ಅಲ್ಲಿ ಪ್ಲಸ್ 0.7 ಕೊಡಿ. ಹಿಂದಿನ ಪರದೆ ಬಿಸಿಲಿನಲ್ಲಿ ಸುಳ್ಳು ಹೇಳುತ್ತದೆ. ಔಟ್‌ಡೋರ್ ವ್ಯೂ ಸೆಟ್ಟಿಂಗ್ ಹೆಚ್ಚಿಸಿದರೆ ಫ್ರೇಮು ಕಾಣುತ್ತದೆ, ಎಕ್ಸ್‌ಪೋಶರಿಗೆ ಮಾತ್ರ ಹಿಸ್ಟೋಗ್ರಾಮನ್ನೇ (ಕಪ್ಪಿನಿಂದ ಬಿಳಿಯ ತನಕ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆ) ನಂಬಿ.

ಯಾವ ಬಣ್ಣ ಯಾವ ಬೂದು

ಮೊದಲ ನಿಯಮ: ರಾ ಮತ್ತು ಜೆಪೆಗ್ ಎರಡೂ ಉಳಿಸಿ. ಜೆಪೆಗ್ ಕಪ್ಪು-ಬಿಳುಪಾಗಿರುತ್ತದೆ, ಪರದೆಯ ಮೇಲೂ ಕಪ್ಪು-ಬಿಳುಪೇ ಕಾಣುತ್ತದೆ. ಡಿಎನ್‌ಜಿ ಎಂಬ ರಾ ಫೈಲಿನಲ್ಲಿ ಬಣ್ಣ ಪೂರ್ತಿ ಉಳಿದಿರುತ್ತದೆ. ಫಿಲ್ಟರ್ ತಪ್ಪು ಆರಿಸಿದ್ದರೆ ಮನೆಗೆ ಬಂದು ಸರಿಪಡಿಸಬಹುದು. ಬರೀ ಜೆಪೆಗ್ ತೆಗೆದಿದ್ದರೆ ಗುಲಾಬಿಯ 70 ಮತ್ತು ಎಲೆಯ 72 ಶಾಶ್ವತವಾಗಿ ಅಂಟಿಕೊಂಡುಬಿಡುತ್ತವೆ.

ಜಿಆರ್ 3ರ ಇಮೇಜ್ ಕಂಟ್ರೋಲ್‌ನಲ್ಲಿ ಮಾನೋಟೋನ್, ಸಾಫ್ಟ್ ಮಾನೋಟೋನ್, ಹಾರ್ಡ್ ಮಾನೋಟೋನ್, ಹೈ-ಕಾಂಟ್ರಾಸ್ಟ್ ಬಿ ಅಂಡ್ ಡಬ್ಲ್ಯು ಎಂಬ ನಾಲ್ಕು ಬಗೆಗಳಿವೆ. ಹೆಚ್ಚಿನವರು ಕೊನೆಯದಕ್ಕೆ ಮರುಳಾಗುತ್ತಾರೆ. ಜಪಾನಿನ ಛಾಯಾಗ್ರಾಹಕ ಡೈಡೋ ಮೊರಿಯಾಮಾ ಜಿಆರ್ ಹಿಡಿದು ತೆಗೆದ ಒರಟು, ಕಪ್ಪು ತುಂಬಿದ ಚಿತ್ರಗಳ ಪ್ರಭಾವ ಅದು. ನಮ್ಮ ನಡುಹಗಲ ಬಿಸಿಲಿಗೆ ಇದು ಒಗ್ಗುವುದಿಲ್ಲ. ಬಿಸಿಲೇ ಸಾಕಷ್ಟು ಕಾಂಟ್ರಾಸ್ಟ್ ತಂದಿರುತ್ತದೆ, ಅದರ ಮೇಲೆ ಇನ್ನಷ್ಟು ಹೇರಿದರೆ ಕಂದು ಮೈಬಣ್ಣದ ಮುಖಗಳಲ್ಲಿ ಕಣ್ಣು, ಕೆನ್ನೆ ಎಲ್ಲ ಒಂದೇ ಕಪ್ಪಾಗುತ್ತವೆ. ಬಿಸಿಲಿಗೆ ಸಾಫ್ಟ್ ಮಾನೋಟೋನ್, ಮೋಡ ಕವಿದಾಗ ಹಾರ್ಡ್ ಮಾನೋಟೋನ್ ಸರಿ. ಮುಖದಲ್ಲಿ ಎಷ್ಟು ಮೆಟ್ಟಿಲು ಬೂದು ಇರಬಹುದು ಎಂದು ತಿಳಿಯಲು ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ಬಿಡುವಾಗಿ ನೋಡಿ.

ಫಿಲ್ಟರ್ ಎಫೆಕ್ಟ್ ಎಂಬುದು ಹಿಂದೆ ಫಿಲ್ಮ್ ಕ್ಯಾಮೆರಾದ ಲೆನ್ಸಿನ ಮುಂದೆ ಹಾಕುತ್ತಿದ್ದ ಬಣ್ಣದ ಗಾಜಿನ ಕೆಲಸವನ್ನೇ ಲೆಕ್ಕದಲ್ಲಿ ಮಾಡುತ್ತದೆ. ಫ್ಯೂಜಿಯ ಅಕ್ರೋಸ್ ಎಂಬ ಕಪ್ಪು-ಬಿಳುಪು ಬಗೆಯಲ್ಲಿ ಹಳದಿ, ಕೆಂಪು, ಹಸಿರು ಮೂರೂ ಇವೆ. ನಿಯಮ ಒಂದೇ: ಫಿಲ್ಟರಿನ ಬಣ್ಣದ್ದು ತಿಳಿಯಾಗುತ್ತದೆ, ವಿರುದ್ಧ ಬಣ್ಣದ್ದು ಕಪ್ಪಾಗುತ್ತದೆ. ಹೂವಿನ ಸಾಲಿನಲ್ಲಿ ಇದು ಹೇಗೆ ವರ್ತಿಸುತ್ತದೆ ನೋಡಿ. ಕೆಂಪು ಫಿಲ್ಟರ್ ಹಾಕಿದರೆ ಗುಲಾಬಿ ಬೆಳಗುತ್ತದೆ, ಎಲೆ ಕಪ್ಪಾಗುತ್ತದೆ, ಮುದ್ದೆ ಬಿಡಿಸಿಕೊಳ್ಳುತ್ತದೆ. ಕನಕಾಂಬರ, ಕಿತ್ತಳೆ ಚೆಂಡುಹೂ ಬೆಳ್ಳಗಾಗುತ್ತವೆ. ನೀಲಿ ಟಾರ್ಪಾಲು ಕಡುಗಪ್ಪಾಗಿ ಒಳ್ಳೆಯ ಹಿನ್ನೆಲೆ ಆಗುತ್ತದೆ. ಆದರೆ ಹಣೆಯ ಕುಂಕುಮ ಚರ್ಮದೊಳಗೆ ಮಾಯ, ಕೆಂಪು ಸೀರೆಯ ಜರತಾರಿ ಅಂಚು ಮಾಯ, ತುಟಿ ಪೇಲವ. ಹಸಿರು ಫಿಲ್ಟರಿನಲ್ಲಿ ಇದೆಲ್ಲ ತಿರುಗುಮುರುಗು: ಎಲೆ ತಿಳಿ, ಗುಲಾಬಿ ಕಪ್ಪು, ಕುಂಕುಮ ಎದ್ದು ಕಾಣುತ್ತದೆ, ಮುಖದ ಸುಕ್ಕು ಒಂದೊಂದೂ ಬರುತ್ತದೆ. ವಯಸ್ಸಾದವರ ಮುಖಕ್ಕೆ ಇದು ಬಹಳ ಚೆನ್ನ. ಮೈಬಣ್ಣ ಮಾತ್ರ ಇದ್ದುದಕ್ಕಿಂತ ಗಾಢವಾಗುತ್ತದೆ ಎಂಬುದು ನೆನಪಿರಲಿ. ದಿನವಿಡೀ ಒಂದನ್ನೇ ಇಡುವುದಾದರೆ ಹಳದಿ. ಹೆಚ್ಚು ಕೆಡಿಸುವುದಿಲ್ಲ, ಆಕಾಶಕ್ಕೆ ಸ್ವಲ್ಪ ತೂಕ ಕೊಡುತ್ತದೆ.

ನೀಲಿ ಟಾರ್ಪಾಲಿನ ಕೆಳಗೆ ಕೂತವರ ಮೇಲೆ ಬೀಳುವ ಬೆಳಕೇ ನೀಲಿ. ಅಲ್ಲಿ ಕೆಂಪು ಫಿಲ್ಟರ್ ಇಟ್ಟರೆ ಇರುವ ಬೆಳಕಿನ ಬಹುಪಾಲನ್ನು ಎಸೆದಂತೆ, ಮುಖದ ತುಂಬ ಕಾಳು ಕಾಳು ನಾಯ್ಸ್ ಬರುತ್ತದೆ. ಟಾರ್ಪಾಲಿನಡಿ ಫಿಲ್ಟರ್ ಆಫ್.

ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಅನ್ನು ಲೋ ಅಥವಾ ಆಫ್ ಮಾಡಿ. ಬಣ್ಣದ ಚುಕ್ಕೆಗಳು ಕಪ್ಪು-ಬಿಳುಪಿನಲ್ಲಿ ಹೇಗೂ ಕಾಣುವುದಿಲ್ಲ. ಉಳಿಯುವ ಕಾಳನ್ನು ಒರೆಸಲು ಹೋದರೆ ಚರ್ಮ ಮೇಣದ ಹಾಗಾಗುತ್ತದೆ.

ಬಿಸಿಲು ಎಲ್ಲಿ ಬೀಳುತ್ತದೆ

ಬಣ್ಣ ಇಲ್ಲದ ಮೇಲೆ ಚಿತ್ರವನ್ನು ಹಿಡಿದು ನಿಲ್ಲಿಸುವುದು ನೆರಳಿನ ಗೆರೆ. ಬೀದಿ ಯಾವ ದಿಕ್ಕಿಗೆ ಓಡುತ್ತದೆ ಎಂಬುದನ್ನು ಮೊದಲು ನೋಡಿ. ಅವೆನ್ಯೂ ರಸ್ತೆ ಹೆಚ್ಚುಕಡಿಮೆ ಉತ್ತರ-ದಕ್ಷಿಣ. ಎರಡೂ ಕಡೆ ಅಂಗಡಿಗಳು ಒತ್ತಿಕೊಂಡಿರುವುದರಿಂದ ಬಿಸಿಲು ನೆಲ ಮುಟ್ಟುವುದು ಹೊತ್ತೇರಿದ ಮೇಲೆಯೇ, ಮೊದಲು ಪಶ್ಚಿಮದ ಅಂಗಡಿಸಾಲಿನ ಮೇಲೆ. ಪೂರ್ವದ ನೆರಳಿನಲ್ಲಿ ನೀವು ನಿಂತು, ಬಿಸಿಲಿನ ಪಟ್ಟಿಗೆ ಹೊಂದಿಸಿ, ಜನ ಅದರೊಳಗೆ ಬರುವ ತನಕ ಕಾಯುವುದು ಅಲ್ಲಿನ ಸರಿಯಾದ ಕ್ರಮ. ಚರ್ಚ್ ಸ್ಟ್ರೀಟ್ ಪೂರ್ವ-ಪಶ್ಚಿಮ. ಬೆಳಿಗ್ಗೆ, ಸಂಜೆ ಬೆಳಕು ರಸ್ತೆಯುದ್ದಕ್ಕೂ ಹರಿಯುತ್ತದೆ, ನಡೆಯುವವರ ಅಂಚಿಗೆ ಬಿಳಿ ಗೆರೆ ಮೂಡುತ್ತದೆ.

ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯದಲ್ಲಿ ಬೆಂಗಳೂರಿನ ನಡುನೆತ್ತಿಗೇ ಸೂರ್ಯ ಬರುತ್ತಾನೆ. ಆಗ ಮಧ್ಯಾಹ್ನ ಕಣ್ಣುಗುಳಿಗಳೆಲ್ಲ ಕಪ್ಪು, ನೆಲದ ಮೇಲೆ ನೆರಳೇ ಇಲ್ಲ. ಹತ್ತೂವರೆಯ ನಂತರ ಕ್ಯಾಮೆರಾ ಜೇಬಿಗೆ ಹಾಕಿ, ಇಲ್ಲವೇ ಬಿಳಿ ಗೋಡೆ ಎದುರಿಗಿರುವ ಜಾಗ ಹುಡುಕಿ. ಗೋಡೆಯಿಂದ ಹಿಂದಿರುಗುವ ಬೆಳಕು ಮುಖವನ್ನು ತುಂಬುತ್ತದೆ. ಡಿಸೆಂಬರಿನಲ್ಲಿ ಹಾಗಲ್ಲ. ನಡುಮಧ್ಯಾಹ್ನವೂ 1.7 ಮೀಟರ್ ಮನುಷ್ಯನ ನೆರಳು ಒಂದೂಕಾಲು ಮೀಟರ್ ಇರುತ್ತದೆ, ದಿನವಿಡೀ ಕೆಲಸ ಮಾಡಬಹುದು.

ಕೆ.ಆರ್. ಮಾರ್ಕೆಟ್ಟಿನ ಮಹಡಿಯ ಮೇಲಿಂದ ಹೂರಾಶಿ ತೆಗೆಯುವುದು ಎಲ್ಲರೂ ಮಾಡುವ ಕೆಲಸ. ಬಣ್ಣಕ್ಕೆ ಅದು ಸರಿ. ಕಪ್ಪು-ಬಿಳುಪಿನಲ್ಲಿ ಅಲ್ಲಿಂದ ಸಿಗುವುದು ಬೂದು ತೇಪೆಗಳು. ಕೆಳಗಿಳಿಯಿರಿ.

ಜನರ ನಡುವೆ

ದಾರಿಯ ನಡುವೆ ನಿಲ್ಲಬೇಡಿ. ಮೂಟೆ ಹೊತ್ತವರು "ಸೈಡ್, ಸೈಡ್" ಎನ್ನುತ್ತಾ ಬರುತ್ತಾರೆ, ಅವರಿಗೆ ಕೂಡಲೇ ನಿಲ್ಲಲು ಆಗುವುದಿಲ್ಲ. ಕಂಬಕ್ಕೋ ಅಂಗಡಿಯ ಕಟ್ಟೆಗೋ ಒರಗಿ ನಿಂತರೆ ಕೈಯೂ ಗಟ್ಟಿ. ಪುಟ್ಟ ಕ್ಯಾಮೆರಾ ಎಂದು ಕದ್ದು ತೆಗೆಯಲು ಹೋದರೆ ಅನುಮಾನ ಹೆಚ್ಚು. ಎದೆಯ ಹತ್ತಿರ ಕಾಣುವಂತೆ ಹಿಡಿದುಕೊಂಡೇ ಓಡಾಡಿ. ಶಟರಿನ ಸದ್ದು ಆಫ್ ಇರಲಿ, ಫೋಕಸ್ಸಿನ ಸಹಾಯಕ ದೀಪವೂ ಆಫ್ ಇರಲಿ. ಕತ್ತಲಲ್ಲಿ ಅದು ನೇರ ಮುಖಕ್ಕೆ ಬೀಳುತ್ತದೆ. ಹತ್ತಿರದಿಂದ ಮುಖ ಬೇಕಾದರೆ "ಅಕ್ಕ, ಒಂದು ಫೋಟೋ ತಗೊಳ್ಲಾ?" ಎಂದರೆ ಮುಗಿಯಿತು. ಅವರು ಸೆಟೆದು ಕೂತ ಮೊದಲ ಚಿತ್ರ ತೆಗೆದು ತೋರಿಸಿ. ಮತ್ತೆ ಕೆಲಸಕ್ಕೆ ತಿರುಗಿದ ಮೇಲೆ ಬರುವುದೇ ನಿಮಗೆ ಬೇಕಾದ ಚಿತ್ರ. "ಬೇಡಪ್ಪ" ಎಂದರೆ ಬೇಡ. ಅಳಿಸಿ ಎಂದರೆ ಅವರ ಎದುರಿಗೇ ಅಳಿಸಿ, ರಾ ಫೈಲೂ ಅದರ ಜೊತೆ ಹೋಗಿದೆಯೇ ನೋಡಿ.

ಕೆಡುವುದು ಎಲ್ಲಿ

ದೂಳು. ಜಿಆರ್ 3ಕ್ಕೆ ನೀರು-ದೂಳಿನ ರಕ್ಷಣೆ ಇಲ್ಲ. ಲೆನ್ಸ್ ಒಳಗೆ ಹೋಗುವಾಗ ತನ್ನ ಕೊಳವೆಯ ಮೇಲಿನ ದೂಳನ್ನೂ ಎಳೆದುಕೊಳ್ಳುತ್ತದೆ, ಅದು ಸೆನ್ಸರಿನ ಮೇಲೆ ಕೂರುತ್ತದೆ. ಜೀನ್ಸ್ ಜೇಬಿನ ನಾರು ಇನ್ನೂ ಕೆಟ್ಟದ್ದು. ಚಿಕ್ಕ ಚೀಲದಲ್ಲಿಡಿ, ಆಫ್ ಮಾಡುವ ಮೊದಲು ಬ್ಲೋಯರಿನಿಂದ ಕೊಳವೆಯನ್ನು ಊದಿ. ತಿಂಗಳಿಗೊಮ್ಮೆ ಎಫ್/16ರಲ್ಲಿ ಬಿಳಿ ಗೋಡೆ ತೆಗೆದು ಕಾಂಟ್ರಾಸ್ಟ್ ಏರಿಸಿ ನೋಡಿ. ಕಪ್ಪು ಚುಕ್ಕೆ ಕಂಡರೆ ಮೊದಲು ಮೆನುವಿನ ಡಸ್ಟ್ ರಿಮೂವಲ್ ಓಡಿಸಿ. ಹೋಗದಿದ್ದರೆ ಸರ್ವೀಸಿಗೇ ಕೊಡಬೇಕು, ಲೆನ್ಸ್ ಬಿಚ್ಚಲು ಬರುವುದಿಲ್ಲ. ಹೂವಿಗೆ ನೀರು ಚಿಮುಕಿಸುವವರಿಂದಲೂ ಒಂದು ಮಾರು ದೂರವಿರಿ.

ಬ್ಯಾಟರಿ. ಕಂಪನಿಯ ಲೆಕ್ಕದಲ್ಲೇ ಸುಮಾರು 200 ಚಿತ್ರ. ಎರಡು ಹೆಚ್ಚುವರಿ ಡಿಬಿ-110 ಬ್ಯಾಟರಿ ಒಯ್ಯಿರಿ. ಆನ್ ಆಗಲು ಒಂದು ಸೆಕೆಂಡೂ ಬೇಡ, ಹಾಗಾಗಿ ಸುಮ್ಮನೆ ಆನ್ ಇಟ್ಟುಕೊಂಡು ಓಡಾಡಬೇಡಿ. ಚಹಾಕ್ಕೆ ಕೂತಾಗ ಪವರ್ ಬ್ಯಾಂಕಿನಿಂದ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಮಾಡಬಹುದು.

ಎಲ್‌ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/500ರಲ್ಲಿ ಒಂದು ಚಿತ್ರ ಬೆಳಕು, ಮುಂದಿನದು ಕತ್ತಲು. ಬೆಳಕಿನ ಮೀಟರನ್ನು ದೂರಬೇಡಿ. ಒಂದೇ ದೃಶ್ಯವನ್ನು ಮೂರ್ನಾಲ್ಕು ಸಲ ತೆಗೆಯಿರಿ, ಅಥವಾ ಎದುರಿನವರು ಕದಲದಿದ್ದರೆ 1/100ಕ್ಕೆ ಇಳಿಸಿ. ಎಲೆಕ್ಟ್ರಾನಿಕ್ ಶಟರ್ ಇರುವ ಕ್ಯಾಮೆರಾದಲ್ಲಿ ಇದೇ ಮಿನುಗು ಅಡ್ಡ ಪಟ್ಟಿಗಳಾಗಿ ಬರುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ.

ಕಂಪ್ಯೂಟರಿನಲ್ಲಿ

ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮ್ ಇರಲಿ, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್, ರಾಥೆರಪಿ ಇರಲಿ, ಕ್ರಮ ಒಂದೇ. ಮೊದಲು ಬಣ್ಣದಲ್ಲೇ ವೈಟ್ ಬ್ಯಾಲೆನ್ಸ್ (ಬಿಳಿಯದು ಬಿಳಿಯಾಗಿಯೇ ಕಾಣುವ ಹೊಂದಿಕೆ) ಸರಿ ಮಾಡಿ. ಟಾರ್ಪಾಲಿನ ನೀಲಿಯನ್ನು ತೆಗೆಯದೆ ಕಪ್ಪು-ಬಿಳುಪಿಗೆ ಹೋದರೆ ಮುಖಗಳು ಮಂಕಾಗಿಯೇ ಉಳಿಯುತ್ತವೆ. ಆಮೇಲೆ ಕಪ್ಪು-ಬಿಳುಪಿಗೆ ಬದಲಿಸಿ, ಒಂದೊಂದು ಬಣ್ಣದ ಸ್ಲೈಡರನ್ನು ಎಳೆದು ಬೂದು ಹೊಂದಿಸಿ. ಮೈಬಣ್ಣ ಕೂತಿರುವುದು ಕಿತ್ತಳೆ ಸ್ಲೈಡರಿನಲ್ಲಿ. ಪ್ಲಸ್ 10 ಕೊಟ್ಟರೂ ಮುಖ ತೆರೆದುಕೊಳ್ಳುತ್ತದೆ. ಚೆಂಡುಹೂವೂ ಅದೇ ಸ್ಲೈಡರಿನಲ್ಲಿದೆ ಎಂಬುದು ಮಾರ್ಕೆಟ್ಟಿನ ಚಿತ್ರಗಳ ತಲೆನೋವು. ಹೂವು ಉರಿಯತೊಡಗಿದರೆ ಸ್ಲೈಡರ್ ಬಿಟ್ಟು ಮುಖದ ಭಾಗವನ್ನು ಮಾತ್ರ ಗುರುತಿಸಿ (ಮಾಸ್ಕ್ ಹಾಕಿ) ಎತ್ತಿ. ಯಾವ ಸ್ಲೈಡರನ್ನೂ 40ರ ಆಚೆ ಎಳೆಯಬೇಡಿ. ನೀಲಿಯನ್ನು ಮೈನಸ್ 80ಕ್ಕೆ ಇಳಿಸಿದರೆ ಆಕಾಶ ಕಪ್ಪಾಗುವುದೇನೋ ನಿಜ, ಜೊತೆಗೆ ಕಟ್ಟಡದಂಚಿಗೆ ಬಿಳಿ ಗೆರೆ, ಆಕಾಶದ ತುಂಬ ಕಾಳು.

ಕೊನೆಗೆ ಕರ್ವ್‌ನಲ್ಲಿ (ಬೂದುಗಳನ್ನು ಏರಿಸಿ ಇಳಿಸುವ ಗೆರೆ) ಕಪ್ಪಿನ ತುದಿ, ಬಿಳಿಯ ತುದಿ ಹೊಂದಿಸಿ. ಚಿತ್ರದಲ್ಲಿ ಎಲ್ಲಾದರೂ ಒಂದು ಕಡೆ ಅಪ್ಪಟ ಕಪ್ಪು ಇರಲಿ, ಆದರೆ ಅದು ಕೂದಲಿನಲ್ಲೋ ಅಂಗಡಿಯ ಒಳಮೂಲೆಯಲ್ಲೋ ಇರಲಿ, ಮುಖದಲ್ಲಿ ಬೇಡ.

6000 × 4000 ಪಿಕ್ಸೆಲ್ಲಿನ ಚಿತ್ರ 300 ಡಿಪಿಐನಲ್ಲಿ 20 × 13 ಇಂಚಿನ ತನಕ ಪ್ರಿಂಟಾಗುತ್ತದೆ. ಬಣ್ಣದ ಲ್ಯಾಬಿನಲ್ಲಿ ಹಾಕಿಸುವಾಗ ಮೊದಲು 6 × 4ರ ಒಂದು ಪ್ರತಿ ತೆಗೆಸಿ, ಹಗಲು ಬೆಳಕಿಗೆ ಹಿಡಿದು ನೋಡಿ. ಬೂದುವಿನಲ್ಲಿ ಹಸಿರು ಅಥವಾ ನೇರಳೆ ಛಾಯೆ ಕಂಡರೆ ಫೈಲಿನ ತಪ್ಪಲ್ಲ, ಯಂತ್ರದ ಕ್ಯಾಲಿಬ್ರೇಷನ್. ಸರಿ ಮಾಡಿಸಿ ಇನ್ನೊಂದು ಪ್ರತಿ ಕೇಳಿ. ಮ್ಯಾಟ್ ಕಾಗದಕ್ಕಾದರೆ ನೆರಳನ್ನು ಪರದೆಯಲ್ಲಿ ಕಾಣುವುದಕ್ಕಿಂತ ಕಾಲು ಸ್ಟಾಪ್ ಎತ್ತಿ ಕಳಿಸಿ. ಆ ಕಾಗದದಲ್ಲಿ ಗಾಢ ಬೂದುಗಳೆಲ್ಲ ಒಂದಕ್ಕೊಂದು ಹತ್ತಿರ ಸೇರಿಕೊಳ್ಳುತ್ತವೆ.